ಹೃದಯದ ಸುದ್ದಿ ಮೂತ್ರದಲ್ಲೂ ಇರುತ್ತದೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತು ದಿನಾ ಬಿಪಿ, ಶುಗರ್ ಮಾತ್ರೆ ನುಂಗುತ್ತಿರುವ ನನ್ನ ನಾಡಿನ ಅಣ್ಣ, ಅಕ್ಕಂದಿರಿಗೆ,

ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 33 ವರ್ಷ ಲ್ಯಾಬ್ ಟೆಕ್ನೀಶಿಯನ್ ಆಗಿದ್ದವಳು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಿಂದ ನಿವೃತ್ತಿಯಾದೆ. ಡಾಕ್ಟರ್ ಅಲ್ಲ. ಆದರೆ ನನ್ನ ಕೈಯಲ್ಲಿ ಎಷ್ಟು ಸಾವಿರ ಮೂತ್ರದ ಬಾಟಲಿ ಹಾದು ಹೋಗಿವೆಯೋ ಲೆಕ್ಕವಿಲ್ಲ. ಆ ಬಾಟಲಿಗಳ ಪರವಾಗಿ ಒಂದು ಮಾತು ಹೇಳಬೇಕಿದೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಲ್ಯಾಬಿನಲ್ಲಿ ಮೂತ್ರದ ಅಲ್ಬುಮಿನ್ ಅನ್ನುವ ಪ್ರೋಟೀನ್ ನೋಡಲು ಅದ್ದಿ ನೋಡುವ ಸ್ಟ್ರಿಪ್ ಇರಲಿಲ್ಲ. ಒಂದು ಸ್ಪಿರಿಟ್ ಲ್ಯಾಂಪ್, ಒಂದಷ್ಟು ಗಾಜಿನ ಟ್ಯೂಬ್, ಒಂದು ಸೀಸೆ ಅಸಿಟಿಕ್ ಆಸಿಡ್. ಟ್ಯೂಬಿನ ಮುಕ್ಕಾಲು ಭಾಗ ಮೂತ್ರ ತುಂಬಿ, ಓರೆಯಾಗಿ ಹಿಡಿದು, ಮೇಲಿನ ಭಾಗವನ್ನು ಮಾತ್ರ ಉರಿಗೆ ಹಿಡಿಯಬೇಕು. ಬಿಸಿಯಾದ ಕಡೆ ಮೋಡ ಕಟ್ಟಿದಂತೆ ಬಿಳುಪು ಬಂತು ಅಂದರೆ ಎರಡು ಮೂರು ಹನಿ ಆಸಿಡ್ ಬಿಡಬೇಕು. ಬಿಳುಪು ಕರಗಿದರೆ ಅದು ಫಾಸ್ಫೇಟ್, ಚಿಂತೆಯಿಲ್ಲ. ಕರಗದೆ ನಿಂತರೆ ಅಲ್ಬುಮಿನ್. ಕೋಳಿಮೊಟ್ಟೆಯ ಬಿಳಿ ಬೇಯಿಸಿದರೆ ಗಟ್ಟಿಯಾಗುತ್ತದಲ್ವಾ, ಅದೇ ಗುಣ. ಎಷ್ಟು ದಪ್ಪ ಮೋಡ ಅಂತ ಕಣ್ಣಂದಾಜಿನಲ್ಲಿ ನೋಡಿ ಒಂದು ಪ್ಲಸ್, ಎರಡು ಪ್ಲಸ್ ಅಂತ ಬರೆಯುತ್ತಿದ್ದೆವು. ತೆಳ್ಳಗೆ ಹೊಗೆಯಂತೆ ಕಂಡರೆ ‘ಟ್ರೇಸ್’ ಅಂತ ಬರೆಯುತ್ತಿದ್ದೆವು. ಆ ‘ಟ್ರೇಸ್’ ಅನ್ನು ಯಾರೂ ಓದುತ್ತಿರಲಿಲ್ಲ. ಬರೆದ ನಾನೂ ಅದನ್ನು ಮರೆತುಬಿಡುತ್ತಿದ್ದೆ.

ಈ ಪತ್ರ ಆ ‘ಟ್ರೇಸ್’ ಬಗ್ಗೆ.

ಈಗ ಮನೆಯ ವಿಷಯ. ನಮ್ಮ ಭಾವ, ಅಂದರೆ ದೊಡ್ಡಕ್ಕನ ಯಜಮಾನರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಲವತ್ತೈದು ದಾಟುವ ಹೊತ್ತಿಗೇ ಶುಗರ್ ಬಂತು, ಹಿಂದೆಯೇ ಬಿಪಿ. ಮಾತ್ರೆ ತಪ್ಪಿಸುವ ಜನ ಅಲ್ಲ ಅವರು. 2017ರಲ್ಲಿ ಅವರ ಮಗ ಒತ್ತಾಯ ಮಾಡಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪೂರ್ತಿ ಚೆಕಪ್ ಮಾಡಿಸಿದ. ಇಪ್ಪತ್ತು ಪುಟದ ರಿಪೋರ್ಟ್. ಇಸಿಜಿ ಸರಿಯಾಗಿದೆ. ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಒಂದು ಕಸ, 0.9, ಅದೂ ಸರಿ. ಕೊನೆಯ ಪುಟದ ಹತ್ತಿರ ಎಲ್ಲೋ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 142, ದಪ್ಪ ಅಕ್ಷರದಲ್ಲಿ. ಮೂವತ್ತರೊಳಗೆ ಇರಬೇಕಾದ್ದು. ಅಲ್ಲಿನ ಡಾಕ್ಟರ್ ಪುಟ ತಿರುವಿ, ‘ಹಾರ್ಟ್ ಚೆನ್ನಾಗಿದೆ, ಕಿಡ್ನಿ ಚೆನ್ನಾಗಿದೆ, ಸ್ವಲ್ಪ ತೂಕ ಇಳಿಸಿ’ ಅಂದರಂತೆ.

ಅಕ್ಕ ಫೈಲನ್ನು ನನ್ನ ಕೈಗೂ ಕೊಟ್ಟಳು. ಮನೆಯಲ್ಲಿ ಲ್ಯಾಬ್ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಆ 142 ನನ್ನ ಕಣ್ಣಿಗೆ ಬಿತ್ತು. ‘ಭಾವ, ಕಿಡ್ನಿಯಿಂದ ಸ್ವಲ್ಪ ಲೀಕ್ ಆಗುತ್ತಿದೆ, ಶುಗರ್ ಕಂಟ್ರೋಲಿನಲ್ಲಿ ಇಟ್ಟುಕೊಳ್ಳಿ’ ಅಂದೆ. ಅಷ್ಟೇ. ಅದು ಕಿಡ್ನಿ ವಿಷಯ, ಹತ್ತು ಹದಿನೈದು ವರ್ಷದ ಮೇಲಿನ ಮಾತು ಅಂತ ನನ್ನ ತಿಳಿವಳಿಕೆ.

2019ರ ಫೆಬ್ರವರಿಯಲ್ಲಿ ಬೆಳಗಿನ ಜಾವ ಭಾವನಿಗೆ ಹೃದಯಾಘಾತವಾಯಿತು. ಬದುಕಿದರು. ಆದರೆ ಹೃದಯದ ಪಂಪಿಂಗ್ 35 ಪರ್ಸೆಂಟಿಗೆ ಇಳಿಯಿತು. ಬೇರೆ ಆಸ್ಪತ್ರೆಯಲ್ಲಿ ನೋಡಿದ ಒಬ್ಬ ಚಿಕ್ಕ ವಯಸ್ಸಿನ ಹೃದಯ ವೈದ್ಯೆ ಹಳೇ ಫೈಲನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾ ಬಂದರು. ಒಂದು ಪುಟದಲ್ಲಿ ನಿಂತು, ‘ಈ 142 ಯಾವಾಗಿನದು? ಇದಕ್ಕೆ ಏನಾದರೂ ಔಷಧಿ ಬದಲಾಯಿಸಿದರಾ?’ ಅಂತ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು.

ಆ ಸಂಖ್ಯೆಯನ್ನು ಆವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಹೃದಯಾಘಾತ ಆಗುತ್ತಲೇ ಇರಲಿಲ್ಲ ಅಂತ ನಾನು ಹೇಳಲಾರೆ. ಯಾರೂ ಹಾಗೆ ಹೇಳಲಾರರು. ಆದರೆ ಎರಡು ವರ್ಷ ಮೊದಲೇ ಅವರ ಮೈ ಒಂದು ಎಚ್ಚರಿಕೆ ಕೊಟ್ಟಿತ್ತು. ಕಾಗದದ ಮೇಲೆ ಅಚ್ಚಾಗಿತ್ತು. ಓದಲು ಬರುವ ಇಬ್ಬರ ಕೈಗೆ ಹೋಗಿತ್ತು. ಇಬ್ಬರೂ ಅದನ್ನು ಹೃದಯದ ಸುದ್ದಿ ಅಂತ ಓದಲಿಲ್ಲ.

ಕಿಡ್ನಿಯಿಂದ ಪ್ರೋಟೀನ್ ಸೋರಿದರೆ ಹೃದಯಕ್ಕೇನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಇದನ್ನೇ ಕೇಳಿದ್ದೆ. ಆಮೇಲೆ ಕೂತು ಓದಿದೆ, ಗೊತ್ತಿದ್ದ ಡಾಕ್ಟರುಗಳನ್ನು ಕಾಡಿ ಕೇಳಿದೆ. ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಶೋಧಕಗಳಿವೆ. ಶೋಧಕ ಅಂದರೆ ಬೇರೇನಲ್ಲ, ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ನೂಲಿನುಂಡೆಯಂತೆ ಸುತ್ತಿಟ್ಟ ಗಂಟು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲೊಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ನೀರಿನಂಶ ಆ ಗಂಟುಗಳಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಮೂತ್ರವಾಗಿ ಹೊರಗೆ ಬರುತ್ತದೆ, ಉಳಿದದ್ದು ವಾಪಸ್ ರಕ್ತಕ್ಕೆ ಸೇರುತ್ತದೆ. ಲಿವರ್ ತಯಾರಿಸುವ ಅಲ್ಬುಮಿನ್ ಅನ್ನುವ ಪ್ರೋಟೀನ್ ಮಾತ್ರ ರಕ್ತದಲ್ಲೇ ಉಳಿಯಬೇಕು. ಅಷ್ಟು ಲೀಟರ್ ಸೋಸಿದರೂ ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇರುತ್ತದೆ. ಒಂದು ಚಿಟಿಕೆ ಉಪ್ಪಿಗಿಂತಲೂ ಎಷ್ಟೋ ಕಮ್ಮಿ. ಅಂಥ ಒಂದರಿ ಅದು.

ಆ ಒಂದರಿಯ ಕಣ್ಣು ದೊಡ್ಡದಾಗುವುದು ಯಾವಾಗ? ರಕ್ತನಾಳದ ಒಳಪದರ ಕೆಟ್ಟಾಗ. ಶುಗರ್, ಬಿಪಿ, ಬೀಡಿ ಸಿಗರೇಟು, ಬೊಜ್ಜು, ಇವೆಲ್ಲ ಆ ಒಳಪದರವನ್ನೇ ಮೊದಲು ಸವೆಸುವುದು. ಅದೇ ಒಳಪದರ ಹೃದಯದ ನಾಳಗಳಲ್ಲೂ ಇದೆ. ಮೆದುಳಿನಲ್ಲೂ ಇದೆ, ಕಣ್ಣಿನ ಪರದೆಯಲ್ಲೂ ಇದೆ. ಹೃದಯದ ನಾಳದ ಒಳಗೆ ಸವೆತ ಶುರುವಾದರೆ ಅದು ನಮಗೆ ಕಾಣುವುದಿಲ್ಲ. ಕಿಡ್ನಿಯಲ್ಲಿ ಶುರುವಾದರೆ ಮಾತ್ರ ಸೋರಿದ್ದು ಮೂತ್ರದಲ್ಲಿ ಹೊರಗೆ ಬಂದು ಬಾಟಲಿಯಲ್ಲಿ ಕೂರುತ್ತದೆ. 1989ರಲ್ಲಿ ಡೆನ್ಮಾರ್ಕಿನ ಸ್ಟೆನೊ ಆಸ್ಪತ್ರೆಯ ವೈದ್ಯರು ಇದನ್ನೇ ಒಂದು ವಾದವಾಗಿ ಮುಂದಿಟ್ಟರು: ಮೂತ್ರದ ಅಲ್ಬುಮಿನ್ ಬರೀ ಕಿಡ್ನಿಯ ಕಾಯಿಲೆಯ ಗುರುತಲ್ಲ, ಇಡೀ ಮೈಯ ರಕ್ತನಾಳ ಕೆಡುತ್ತಿರುವುದರ ಗುರುತು ಅಂತ.

ಅದಕ್ಕೂ ಬಹಳ ಹಿಂದೆಯೇ ಒಬ್ಬರು ಇದರ ಜಾಡು ಹಿಡಿದಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಮೈ ಊದಿಕೊಂಡು ಬಂದವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ ನೋಡುವ ಪರೀಕ್ಷೆ ಅವರ ಕಾಲದ್ದು. 1827ರಲ್ಲಿ ಅವರು ಮೊದಲ ವರದಿ ಬರೆದರು. 1836ರಲ್ಲಿ ನೂರು ರೋಗಿಗಳ ವಿವರ ಕೊಡುವಾಗ ಇನ್ನೊಂದು ವಿಷಯ ಗುರುತಿಸಿದರು: ಮೂತ್ರದಲ್ಲಿ ಅಲ್ಬುಮಿನ್ ಇದ್ದು ಸತ್ತವರಲ್ಲಿ ಬಹಳ ಜನರ ಹೃದಯ ದಪ್ಪಗಾಗಿತ್ತು. ಬಿಪಿ ಅಳೆಯುವ ಪಟ್ಟಿ ಆಗಿನ್ನೂ ಹುಟ್ಟಿರಲಿಲ್ಲ. ನನ್ನ ಸ್ಪಿರಿಟ್ ಲ್ಯಾಂಪ್ ಆ ಮೇಣದ ಬತ್ತಿಯ ಮೊಮ್ಮಗಳು ಅಂತ ತಿಳಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಅಷ್ಟು ವರ್ಷ ಆ ಉರಿಯ ಮುಂದೆ ನಿಂತಿದ್ದೆ, ಅದು ಏನು ಹೇಳುತ್ತಿತ್ತು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಉರಿಗೆ ಹಿಡಿದರೂ ಕಾಣಿಸದಷ್ಟು ಸಣ್ಣ ಸೋರಿಕೆಯನ್ನು ಅಳೆಯುವ ವಿಧಾನವೂ ಗೈಸ್ ಆಸ್ಪತ್ರೆಯಲ್ಲೇ ಬಂತು, 1960ರ ದಶಕದಲ್ಲಿ, ಹ್ಯಾರಿ ಕೀನ್ ಅವರ ತಂಡದಿಂದ. 1984ರಲ್ಲಿ ಡೆನ್ಮಾರ್ಕಿನ ಮೊಗೆನ್ಸನ್ ಅವರು, ಇಂಥ ಸಣ್ಣ ಸೋರಿಕೆ ಇರುವ ಶುಗರ್ ರೋಗಿಗಳು ಬೇಗ ಸಾಯುತ್ತಾರೆ ಅಂತ ತೋರಿಸಿದರು. 1988ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ, ಶುಗರ್ ಇಲ್ಲದವರಲ್ಲೂ ಅದು ರಕ್ತನಾಳದ ಕಾಯಿಲೆಯ ಮುನ್ಸೂಚನೆ ಅಂತ ಗೊತ್ತಾಯಿತು.

ನನಗೆ ತುಂಬಾ ಇಷ್ಟವಾದದ್ದು ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ಊರಿನ ಕೆಲಸ. 1997–98ರಲ್ಲಿ ಆ ಊರಿನ 28ರಿಂದ 75 ವರ್ಷದ ಎಲ್ಲರಿಗೂ ಅಂಚೆಯಲ್ಲಿ ಒಂದು ಪ್ರಶ್ನೆಪತ್ರ, ಒಂದು ಪುಟ್ಟ ಸೀಸೆ ಕಳಿಸಿದರು. ಬೆಳಗಿನ ಮೂತ್ರ ತುಂಬಿ ವಾಪಸ್ ಕಳಿಸಿ ಅಂತ. 40 ಸಾವಿರಕ್ಕಿಂತ ಜಾಸ್ತಿ ಜನ ಕಳಿಸಿದರು! ಆಮೇಲೆ ಅವರಲ್ಲಿ ಯಾರು ಯಾರು, ಯಾವ ಕಾರಣದಿಂದ ತೀರಿಕೊಂಡರು ಅಂತ ಗಮನಿಸುತ್ತಾ ಹೋದರು. ಮೂತ್ರದಲ್ಲಿ ಅಲ್ಬುಮಿನ್ ಜಾಸ್ತಿ ಇದ್ದಷ್ಟೂ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಜಾಸ್ತಿ. ಅವರೆಲ್ಲ ರೋಗಿಗಳಲ್ಲ, ಊರಿನ ಸಾಮಾನ್ಯ ಜನ.

2010ರಲ್ಲಿ ಬೇರೆ ಬೇರೆ ದೇಶಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 12 ಲಕ್ಷ ಜನರ ಲೆಕ್ಕ ನೋಡಿದರು. ಅನುಪಾತ 5 ಇದ್ದವರಿಗೆ ಹೋಲಿಸಿದರೆ, 30 ಇದ್ದವರಲ್ಲಿ ಸಾವಿನ ಸಂಭವ 1.63 ಪಟ್ಟು. 300 ಇದ್ದವರಲ್ಲಿ 2.22 ಪಟ್ಟು. ಬಿಪಿ, ಶುಗರ್, ಕೊಲೆಸ್ಟರಾಲ್, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ವ್ಯತ್ಯಾಸ ಇದು. ಆ 12 ಲಕ್ಷದಲ್ಲಿ 11 ಲಕ್ಷ ಜನರಿಗೆ ಮಾಡಿದ್ದು ಯಾವ ದೊಡ್ಡ ಪರೀಕ್ಷೆಯೂ ಅಲ್ಲ. ನಮ್ಮ ಪಿಎಚ್‌ಸಿಯಲ್ಲಿ ಡಬ್ಬಿಯಿಂದ ತೆಗೆದು ಅದ್ದುತ್ತೇವಲ್ಲ, ಆ ಸ್ಟ್ರಿಪ್. ಅದರಲ್ಲಿ ‘ಟ್ರೇಸ್’ ಬಂದವರಿಗೂ ಅಪಾಯ ಜಾಸ್ತಿ ಇತ್ತು. ನಾನು ಬರೆದು ಮರೆತ ಎಲ್ಲ ‘ಟ್ರೇಸ್’ಗಳೂ ಆ ದಿನ ನನಗೆ ನೆನಪಾದವು.

ಸಚಿವರೇ, ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ.

2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ನಿಮಗೆ ನೆನಪಿರುತ್ತದೆ. ಒಂದರ ಹಿಂದೆ ಒಂದು ಹೃದಯಾಘಾತದ ಸಾವು. ಚಿಕ್ಕ ಚಿಕ್ಕ ವಯಸ್ಸಿನವರು. ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಆದರೆ ಜನರ ಭಯ ಅಷ್ಟಕ್ಕೆ ಇಳಿಯಲಿಲ್ಲ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು. ಆ ಸಾಲಿನಲ್ಲಿ ನಮ್ಮೂರಿನವರೂ ಇದ್ದರು. ಎಲ್ಲರೂ ಇಸಿಜಿ, ಎಕೋ ಮಾಡಿಸಿಕೊಂಡು ‘ನಾರ್ಮಲ್’ ಅನ್ನಿಸಿಕೊಂಡು ಸಮಾಧಾನವಾಗಿ ಬಂದರು. ಇಸಿಜಿ ಆ ಹೊತ್ತಿನ ಹೃದಯವನ್ನು ತೋರಿಸುತ್ತದೆ. ನಾಳೆ ಏನಾಗಬಹುದು ಅಂತ ಅದು ಪೂರ್ತಿ ಹೇಳುವುದಿಲ್ಲ. ನಮ್ಮ ಭಾವನ ಇಸಿಜಿಯೂ ನಾರ್ಮಲ್ಲೇ ಇತ್ತು.

ಹಾಸನದಲ್ಲಿ ತೀರಿಕೊಂಡವರ ಮೂತ್ರ ನೋಡಿದ್ದರೆ ಉಳಿಯುತ್ತಿದ್ದರು ಅಂತ ನಾನು ಖಂಡಿತ ಹೇಳುತ್ತಿಲ್ಲ. ಎಲ್ಲ ಹೃದಯಾಘಾತಕ್ಕೂ ಈ ಸುಳಿವು ಇರುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಯಾರ ಹತ್ತಿರ ಈಗಾಗಲೇ ಬಿಪಿ ಅಥವಾ ಶುಗರ್ ಇದೆಯೋ, ಯಾರು ತಿಂಗಳು ತಿಂಗಳು ಇಂಥ ಕಾಯಿಲೆ ನೋಡುವ ನಮ್ಮ ಎನ್‌ಸಿಡಿ ಕ್ಲಿನಿಕ್ಕಿಗೆ ಬಂದು ಮಾತ್ರೆ ತೆಗೆದುಕೊಂಡು ಹೋಗುತ್ತಾರೋ, ಅವರಲ್ಲಿ ಯಾರಿಗೆ ಜಾಸ್ತಿ ಅಪಾಯ ಅಂತ ಗುರುತಿಸಲು ಒಂದು ಸುಲಭದ ದಾರಿ ಇದೆ. ಅದನ್ನು ನಾವು ಬಿಟ್ಟುಬಿಟ್ಟಿದ್ದೇವೆ.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದರಿಂದ ಉಳಿದ ಜೀವ ಎಷ್ಟೋ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಒಳ್ಳೆಯ ಕೆಲಸ. ಹೃದಯ ಜ್ಯೋತಿ ಆಘಾತವಾದ ಮೇಲೆ ಕೈ ಹಿಡಿಯುತ್ತದೆ. ನಾನು ಕೇಳುತ್ತಿರುವುದು ಅದಕ್ಕಿಂತ ಕೆಲವು ವರ್ಷ ಮೊದಲಿನ ಕೆಲಸ.

ಇನ್ನೊಂದು ವಿಷಯ ನೋಡಿ. ಮೂತ್ರದ ಅಲ್ಬುಮಿನ್ ನೋಡುವುದು ನಮ್ಮ ವ್ಯವಸ್ಥೆಗೆ ಹೊಸದೇ ಅಲ್ಲ. ಯಾವ ಹಳ್ಳಿಯ ಬಸುರಿ ಹೆಂಗಸು ತಪಾಸಣೆಗೆ ಬಂದರೂ ನರ್ಸಮ್ಮ ಮೊದಲು ಕೇಳುವುದೇ ‘ಯೂರಿನ್ ತಗೊಂಡು ಬಾಮ್ಮ’ ಅಂತ. ಸ್ಟ್ರಿಪ್ ಅದ್ದಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಬಿಪಿ ಏರಿ, ಅಲ್ಬುಮಿನ್ ಸೋರಿದರೆ ತಾಯಿ, ಮಗು ಇಬ್ಬರಿಗೂ ಅಪಾಯ ಅಂತ ನಮ್ಮ ಆಶಾ ಅಕ್ಕಂದಿರಿಗೂ ಗೊತ್ತು. ಹೆರಿಗೆ ಆಗುತ್ತಿದ್ದಂತೆ ಆ ಕಾರ್ಡು ಟ್ರಂಕಿಗೆ ಸೇರುತ್ತದೆ. ಬಸುರಿನಲ್ಲಿ ಹಾಗೆ ಬಿಪಿ ಏರಿ ಅಲ್ಬುಮಿನ್ ಹೋದ ಹೆಂಗಸಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಂಭವ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಇದು ಆಕೆಗೆ ಯಾರೂ ಹೇಳುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ಹೆಂಗಸು ಅದೇ ಪಿಎಚ್‌ಸಿಗೆ ಬಿಪಿ ಮಾತ್ರೆಗೆ ಬರುತ್ತಾಳೆ. ಆಗ ಅವಳ ಮೂತ್ರ ಯಾರಿಗೂ ಬೇಡ. ಸ್ಟ್ರಿಪ್ಪಿನ ಡಬ್ಬಿ ಪಕ್ಕದ ರೂಮಿನಲ್ಲೇ ಇರುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ನೋಡಿಸಿ. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ನೋಡಬೇಕು ಅಂತ ದೇಶ ವಿದೇಶದ ಮಾರ್ಗಸೂಚಿಗಳೆಲ್ಲ ಹೇಳುತ್ತವೆ. ಮಾಡುವವರು ಕಮ್ಮಿ.

ಬರೀ ಅಲ್ಬುಮಿನ್ ಸಾಲದೇ, ಕ್ರಿಯಾಟಿನಿನ್ ಯಾಕೆ ಜೊತೆಗೆ ಅಂದರೆ, ಎರಡು ಚೊಂಬು ನೀರು ಕುಡಿದು ಬಂದವರ ಮೂತ್ರ ತೆಳು, ಹೊಲದಲ್ಲಿ ಬಿಸಿಲಿಗೆ ದುಡಿದು ಬಂದವರದು ಗಟ್ಟಿ. ಸಾದಾ ಸ್ಟ್ರಿಪ್ ಇದರಿಂದ ಮೋಸ ಹೋಗುತ್ತದೆ. ಸಣ್ಣ ಸೋರಿಕೆಯನ್ನು ಅದು ಎಷ್ಟೋ ಸಲ ಹಿಡಿಯುವುದೂ ಇಲ್ಲ. ಕ್ರಿಯಾಟಿನಿನ್ ಜೊತೆ ಹೋಲಿಸಿದರೆ ಈ ತೊಂದರೆ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಶುಗರ್, ಕ್ರಿಯಾಟಿನಿನ್ ನೋಡುವ ಅನಲೈಜರ್ ಈಗಾಗಲೇ ಇದೆ. ಅದಕ್ಕೆ ಹೊಂದುವ ಅಲ್ಬುಮಿನ್ ರೀಏಜೆಂಟ್, ಅಂದರೆ ಪರೀಕ್ಷೆಯ ರಾಸಾಯನಿಕ, ತರಿಸಿದರೆ ಆಯಿತು. ಪಿಎಚ್‌ಸಿಗೆ ಎರಡನ್ನೂ ತೋರಿಸುವ ಸ್ಟ್ರಿಪ್‌ಗಳೇ ಸಿಗುತ್ತವೆ. ಹೊರಗಿನ ಲ್ಯಾಬಿನಲ್ಲಿ ಈ ಪರೀಕ್ಷೆಗೆ ಕೆಲವು ನೂರು ರೂಪಾಯಿ ತೆಗೆದುಕೊಳ್ಳುತ್ತಾರೆ. ಕೂಲಿಯವರಿಗೆ ಅದು ಒಂದು ದಿನದ ಸಂಬಳ. ಸರ್ಕಾರ ಒಟ್ಟಿಗೆ ಖರೀದಿಸಿದರೆ ಅಷ್ಟಾಗುವುದಿಲ್ಲ.

‘ಗೊತ್ತಾಗಿ ಏನು ಮಾಡೋದು, ಸುಮ್ನೆ ಜನರನ್ನು ಹೆದರಿಸೋದು’ ಅಂತ ಒಬ್ಬ ಅಧಿಕಾರಿ ನನಗೆ ಹೇಳಿದ್ದರು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಮಾಡಲು ಬಹಳ ಇದೆ. ಪಿಎಚ್‌ಸಿಗಳಲ್ಲಿ ಬಿಪಿಗೆ ಸಾಮಾನ್ಯವಾಗಿ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎರಡೂ ಇರುತ್ತವೆ. ಅಲ್ಬುಮಿನ್ ಸೋರುತ್ತಿದ್ದರೆ ಟೆಲ್ಮಿಸಾರ್ಟನ್ ಗುಂಪಿನ ಔಷಧಿಗೆ ಮೊದಲ ಜಾಗ. ಅದು ಬಿಪಿಯನ್ನೂ ಇಳಿಸುತ್ತದೆ, ಸೋರಿಕೆಯನ್ನೂ ತಗ್ಗಿಸುತ್ತದೆ. ಅಂದರೆ ಒಂದು ಬಾಟಲಿ ಮೂತ್ರ ನೋಡಿದರೆ ಯಾವ ಮಾತ್ರೆ ಕೊಡಬೇಕು ಅನ್ನುವುದೇ ಬದಲಾಗಬಹುದು. ಕೊಲೆಸ್ಟರಾಲ್ ಮಾತ್ರೆ ಬೇಕಾ ಅನ್ನುವ ತೀರ್ಮಾನಕ್ಕೂ ಇದು ನೆರವಾಗುತ್ತದೆ.

ಈಗ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರಿನ ಮಾತ್ರೆಗಳೂ ಬಂದಿವೆ. ಡಪಾಗ್ಲಿಫ್ಲೋಜಿನ್ ಅನ್ನು ಕಿಡ್ನಿ ತೊಂದರೆಯ ಜೊತೆಗೆ ಅಲ್ಬುಮಿನ್ ಸೋರಿಕೆಯೂ ಇದ್ದ 4,304 ಜನರಲ್ಲಿ ಪರೀಕ್ಷಿಸಿದರು. ಭಾರತದವರೂ ಅದರಲ್ಲಿದ್ದರು. 2020ರಲ್ಲಿ ಫಲಿತಾಂಶ ಬಂತು. ಸಾವಿನ ಸಂಭವ 31 ಪರ್ಸೆಂಟ್ ಕಮ್ಮಿಯಾಗಿತ್ತು. ಶುಗರ್ ಇಲ್ಲದವರಿಗೂ ಪ್ರಯೋಜನ ಸಿಕ್ಕಿತು. ನಮ್ಮ ದೇಶದಲ್ಲಿ ಅದರ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ ಮುಗಿಯಿತು. ಎರಡರ ಬೆಲೆಯೂ ಬಹಳ ಇಳಿದಿದೆ. ಸೋರಿಕೆ ಇರುವವರಿಗಾದರೂ ಇವನ್ನು ಎನ್‌ಸಿಡಿ ಕ್ಲಿನಿಕ್ಕಿನಿಂದಲೇ ಕೊಡಲು ದಯವಿಟ್ಟು ಯೋಚಿಸಿ. ಯಾರಿಗೆ ಕೊಡಬೇಕು ಅಂತ ಗೊತ್ತಾಗಲು ಮತ್ತೆ ಮೂತ್ರವನ್ನೇ ನೋಡಬೇಕು.

ಅಮೆರಿಕದ ಹೃದಯ ಸಂಘ 2023ರಲ್ಲಿ ಹೃದಯದ ಅಪಾಯ ಲೆಕ್ಕ ಹಾಕುವ ಹೊಸ ಸೂತ್ರ ತಂದಿತು. ಅದರಲ್ಲಿ ಕಿಡ್ನಿಯ ಲೆಕ್ಕ ಸೇರಿದೆ, ಬೇಕೆಂದರೆ ಈ ಅನುಪಾತವನ್ನೂ ಸೇರಿಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಕಿಡ್ನಿ ಆರೋಗ್ಯದ ಬಗ್ಗೆ ಮೊದಲ ಬಾರಿಗೆ ನಿರ್ಣಯ ಮಾಡಿತು. ನಮ್ಮ ದೇಶದಲ್ಲಿ ಹತ್ತು ಕೋಟಿ ಜನರಿಗೆ ಶುಗರ್ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದೆ. ಅವರೆಲ್ಲರ ಮೂತ್ರ ಒಂದೇ ದಿನ ನೋಡಲು ಆಗುವುದಿಲ್ಲ, ಒಪ್ಪುತ್ತೇನೆ. ಒಂದು ತಾಲ್ಲೂಕಿನಿಂದ ಶುರು ಮಾಡಬಹುದಲ್ವಾ?

ಶುರು ಮಾಡುವಾಗ ಒಂದು ಸಣ್ಣ ಸಂಗತಿ ಮರೆಯಬೇಡಿ. ಮೇಜಿನ ಮುಂದೆ ಕೂತು ಯೋಜನೆ ಬರೆಯುವವರಿಗೆ ಇದು ಹೊಳೆಯುವುದಿಲ್ಲ. ಜನರಿಗೆ ಮೂತ್ರ ಕೊಡಲು ನಾಚಿಕೆ. ರಕ್ತ ಕೊಡಲು ತೋಳು ಚಾಚುತ್ತಾರೆ, ಬಾಟಲಿ ಕೊಟ್ಟರೆ ಹಿಂದೆ ಸರಿಯುತ್ತಾರೆ. ವಯಸ್ಸಾದ ಹೆಂಗಸರು ಬಾಟಲಿಯನ್ನು ಕವರಿನಲ್ಲಿ ಸುತ್ತಿ, ಮೇಲೆ ಸೆರಗು ಮುಚ್ಚಿ, ಯಾರೂ ಇಲ್ಲದ ಹೊತ್ತು ನೋಡಿ ನನ್ನ ಕಿಟಕಿಯ ಹತ್ತಿರ ಇಟ್ಟು ಹೋಗುತ್ತಿದ್ದರು. ಹೆಸರು ಬರೆದ ಚೀಟಿ ಅಂಟಿಸಲೂ ನಿಲ್ಲುತ್ತಿರಲಿಲ್ಲ. ನಾನು ಹಿಂದೆ ಓಡಿ ಹೋಗಿ ‘ಯಾರದಮ್ಮಾ ಇದು’ ಅಂತ ಕೇಳಬೇಕಾಗುತ್ತಿತ್ತು. ಆಸ್ಪತ್ರೆಯ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು, ಬಸ್ಸಿಗೆ ಹೊತ್ತಾಯಿತು ಅಂತ ಖಾಲಿ ಬಾಟಲಿ ವಾಪಸ್ ಕೊಟ್ಟು ಹೋಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಹಿಂದಿನ ತಿಂಗಳೇ ಮುಚ್ಚಳವಿರುವ ಡಬ್ಬಿ ಕೊಟ್ಟು ಕಳಿಸಿ, ಅದರ ಮೇಲೆ ಹೆಸರು ಮೊದಲೇ ಬರೆದಿಡಿ. ಮನೆಯಲ್ಲೇ ತುಂಬಿ ತರಲಿ. ಒಂದು ಶೌಚಾಲಯಕ್ಕೆ ಚಿಲಕ ಹಾಕಿಸಿ.

ಇನ್ನು ನನ್ನ ಅಣ್ಣ ಅಕ್ಕಂದಿರಿಗೆ ಒಂದೆರಡು ಮಾತು.

ನಿಮಗೆ ಬಿಪಿ ಅಥವಾ ಶುಗರ್ ಇದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ನನ್ನ ಯೂರಿನ್ ಅಲ್ಬುಮಿನ್ ನೋಡಿ ಎಷ್ಟು ದಿನ ಆಯ್ತು?’ ಅಂತ ಕೇಳಿ. ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರವಾದರೆ ಒಳ್ಳೆಯದು. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ಮೈಮುರಿಯುವ ಕೆಲಸ ಮಾಡಿದ ಮಾರನೇ ದಿನ ಕೊಡಬೇಡಿ, ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಂದು ಸಲ ಜಾಸ್ತಿ ಬಂತು ಅಂತ ಹೆದರಲೂ ಬೇಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡು ಸಲ ಜಾಸ್ತಿ ಬಂದರೆ ಮಾತ್ರ ಅದು ನಿಜ. 30ರಿಂದ 300ರವರೆಗೆ ಇದ್ದರೆ ಸೋರಿಕೆ ಶುರುವಾಗಿದೆ ಅಂತ, 300 ದಾಟಿದರೆ ಜೋರಾಗಿದೆ ಅಂತ. ಮೂತ್ರದಲ್ಲಿ ನೊರೆ ಬಂದರೆ ತೋರಿಸಿ. ಆದರೆ ನೊರೆ ಇಲ್ಲ ಅಂತ ಸುಮ್ಮನಿರಬೇಡಿ. ಸಣ್ಣ ಸೋರಿಕೆಗೆ ನೊರೆಯೂ ಇಲ್ಲ, ನೋವೂ ಇಲ್ಲ. ಕ್ರಿಯಾಟಿನಿನ್ ಸರಿ ಇದೆ ಅಂದರೂ ಇದನ್ನು ಕೇಳಿ. ಸೋರಿಕೆ ಮೊದಲು ಬರುತ್ತದೆ, ಕ್ರಿಯಾಟಿನಿನ್ ಏರುವುದು ಬಹಳ ತಡವಾಗಿ.

ಪ್ರೋಟೀನ್ ಹೋಗುತ್ತಿದೆ ಅಂತ ಯಾರದೋ ಮಾತು ಕೇಳಿ ಪ್ರೋಟೀನ್ ಪುಡಿ ತಿನ್ನಲು ಹೋಗಬೇಡಿ. ತೂತು ಮುಚ್ಚದೆ ಕೊಡಕ್ಕೆ ನೀರು ಸುರಿದಂತೆ ಅದು. ಉಪ್ಪು ಕಮ್ಮಿ ಮಾಡಿ, ಬೀಡಿ ಬಿಡಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಬಿಡಿ, ಅದು ಕಿಡ್ನಿಗೆ ಒಳ್ಳೆಯದಲ್ಲ. ನಾನು ಮೇಲೆ ಹೇಳಿದ ಔಷಧಿಗಳನ್ನೂ ನೀವೇ ತರಿಸಿ ನುಂಗಬೇಡಿ. ಟೆಲ್ಮಿಸಾರ್ಟನ್ ಶುರು ಮಾಡಿದ ಮೇಲೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕಾಗುತ್ತದೆ. ಬಸುರಿಯರಿಗೆ ಅದು ಕೂಡದು.

ಲ್ಯಾಬಿನಲ್ಲಿ ಕೂತಿರುವ ನನ್ನ ತಮ್ಮ ತಂಗಿಯರೇ, ನಿಮಗೂ ಒಂದು ಮಾತು. ‘ಟ್ರೇಸ್’ ಅಂತ ಬರೆದಾಗ ರೋಗಿಗೆ ಬಿಪಿ, ಶುಗರ್ ಇದೆಯಾ ಅಂತ ಒಂದು ಮಾತು ಕೇಳಿ. ಇದ್ದರೆ ಆ ಚೀಟಿಯನ್ನು ಡಾಕ್ಟರ ಕೈಗೇ ಕೊಟ್ಟು ಬನ್ನಿ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಎದ್ದು ಹೋಗಲಿಲ್ಲ.

ಭಾವನಿಗೆ ಈಗ ಮಾತ್ರೆ ಬದಲಾಗಿದೆ. ಆರು ತಿಂಗಳಿಗೊಮ್ಮೆ ನಾನೇ ಡಬ್ಬಿ ತೆಗೆದುಕೊಂಡು ಹೋಗಿ ಕೊಡುತ್ತೇನೆ. ಹೋದ ಸಲ 38 ಬಂತು. ಅಕ್ಕ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದಾಳೆ. ಅವರು ಬೆಳಿಗ್ಗೆ ಮನೆಯ ಮುಂದಿನ ತೆಂಗಿನ ಸಾಲಿನವರೆಗೆ ನಡೆದು ಬರುತ್ತಾರೆ, ಮಧ್ಯೆ ಒಂದು ಕಡೆ ಕೂತು.

ಸಚಿವರೇ, ಪ್ರತಿವರ್ಷ ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಆ ದಿನ ಜಾಥಾ ಮಾಡುವ ಬದಲು ಯಾವುದಾದರೂ ಒಂದು ತಾಲ್ಲೂಕಿನ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಡಬ್ಬಿ ಹಂಚಿಸಿ. ಬಿಪಿ, ಶುಗರ್ ಬರೆಯುವ ಪುಸ್ತಕದಲ್ಲಿ ಮೂರನೆಯದಾಗಿ ಒಂದು ಕಾಲಂ ಹಾಕಿಸಿ. ಅಲ್ಲಿನ ಟೆಕ್ನೀಶಿಯನ್‌ಗಳಿಗೆ ಹೇಳಿಕೊಡಲು ಜನ ಬೇಕಾದರೆ ನಾನು ಬರುತ್ತೇನೆ. ಯಾವ ಜಿಲ್ಲೆಯಾದರೂ ಸರಿ, ಸಂಬಳ ಬೇಡ, ಉಳಿಯಲು ಒಂದು ಜಾಗ ಕೊಟ್ಟರೆ ಸಾಕು. ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲಲ್ಲಿ ಇರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನೀಶಿಯನ್
ತುಮಕೂರು ಜಿಲ್ಲೆ